ಅಳಿವೆಯ ಮೀನು, ಅಣೆಕಟ್ಟಿನ ನೀರು, ದಂಡೆಯ ಜನ

ಹೊನ್ನಾವರದ ಹೆದ್ದಾರಿ ಸೇತುವೆಯನ್ನು ಬಸ್ಸಿನಲ್ಲಿ ದಾಟುವಾಗ ನೀವು ಕಿಟಕಿಯ ಪಕ್ಕ ಕುಳಿತಿದ್ದರೆ, ಕೆಳಗೆ ಹರಡಿಕೊಂಡ ನೀರನ್ನು ಕಂಡು ಒಂದು ಕ್ಷಣ ಬೆರಗಾಗಿರುತ್ತೀರಿ. ಇದು ನದಿಯೋ, ಕೆರೆಯೋ, ಸಮುದ್ರದ ಒಂದು ತೋಳೋ ಎಂದು ಹೇಳುವುದು ಕಷ್ಟ. ಅತ್ತ ಕೊಂಕಣ ರೈಲಿನ ಸೇತುವೆ ಕಾಣುತ್ತದೆ. ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಿರುವ ಇದು ಆ ಮಾರ್ಗದ ಅತಿ ಉದ್ದದ ಸೇತುವೆ. ನಡುವೆ ತೆಂಗಿನ ತೋಟ ಹೊತ್ತ ಕುರ್ವೆಗಳು, ದಂಡೆಗೆ ಕಟ್ಟಿದ ದೋಣಿಗಳು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೀಸುಬಲೆ ಎಸೆಯುವ ಒಬ್ಬಿಬ್ಬರು. ಇಷ್ಟು ದೊಡ್ಡ ನೀರಿಗೆ ಇಷ್ಟೇ ಜನರೇ ಎಂಬ ಪ್ರಶ್ನೆ ನಿಮಗೆ ಹೊಳೆದಿರಲಾರದು. ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದಲೇ. ಅರ್ಧ ಗಂಟೆಯ ಮಾತಿನಲ್ಲಿ ಅದನ್ನು ಹೇಳಿ ಮುಗಿಸುವುದು ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ನದಿಯೋ ಕೆರೆಯೋ ಎಂಬ ಸಂದೇಹ ನಮಗಿಂತ ಮೊದಲೇ ಇನ್ನೊಬ್ಬರಿಗೆ ಬಂದಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನಿದೆ ಎಂದು ತಿಳಿದುಬರಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಆತ 1801ರಲ್ಲಿ ದಕ್ಷಿಣದಿಂದ ಕರಾವಳಿಗುಂಟ ಬಂದು ಭಟ್ಕಳ, ಶಿರಾಲಿ, ಹೊನ್ನಾವರ, ಹಳದೀಪುರಗಳನ್ನು ಹಾದು ಗೋಕರ್ಣದ ಕಡೆಗೆ ಹೋದ. ಅವನ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಊರಿನವರು ಹೊನ್ನಾವರದ ನೀರನ್ನು ಹೊಳೆ ಎನ್ನುತ್ತಾರೆ, ಆದರೆ ಸರೋವರ ಎಂಬುದೇ ಸರಿಯಾದ ಮಾತು ಎಂದು ಆತ ಬರೆದ. ಅದರ ಜೊತೆಗೇ ಅವನು ಗುರುತಿಸಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಬೇಸಗೆಯಲ್ಲಿ ಈ ನೀರು ಪೂರ್ತಿ ಉಪ್ಪು. ಮಳೆಗಾಲದಲ್ಲಿ ಘಟ್ಟದಿಂದ ನುಗ್ಗಿ ಬರುವ ಹಳ್ಳಕೊಳ್ಳಗಳಿಂದಾಗಿ ಪೂರ್ತಿ ಸಿಹಿ. ಇದರಲ್ಲಿ ಮೀನು ಹೇರಳ. ಉಪ್ಪು ಹಾಕಿದ ಮೀನು ಘಟ್ಟ ಹತ್ತಿ ಒಳನಾಡಿಗೆ ವ್ಯಾಪಾರಕ್ಕೆ ಹೋಗುತ್ತಿತ್ತು. ಮೀನಿನ ದೋಣಿಗಳು ಸರ್ಕಾರಕ್ಕೆ ವರ್ಷವರ್ಷ ತೆರಿಗೆ ಕೊಡುತ್ತಿದ್ದವು. ಸರ್ಕಾರ ತೆರಿಗೆ ಹಾಕಿತ್ತೆಂದರೆ ಅಲ್ಲಿ ಗಳಿಕೆಯೂ ಇತ್ತೆಂದೇ ಅರ್ಥ.

ಆರು ತಿಂಗಳು ಉಪ್ಪು, ಆರು ತಿಂಗಳು ಸಿಹಿ. ಅಳಿವೆಯ ಬದುಕೆಲ್ಲ ನಿಂತಿದ್ದುದು ಈ ಲೆಕ್ಕದ ಮೇಲೆ. ಅದನ್ನು ಒಂದೇ ಒಂದು ಮೀನಿನ ಮೂಲಕ ನೋಡುವುದಾದರೆ ಕುರುಡಿ ಮೀನನ್ನು ನೋಡಬಹುದು. ಇದರ ಹೆಸರಿಗೆ ಊರಿಗೊಂದು ಉಚ್ಚಾರವಿದೆ. ಕೊಂಕಣಿಯವರು ಚೊಣಕ ಎನ್ನುತ್ತಾರೆ, ಹೋಟೆಲಿನ ಪಟ್ಟಿಯಲ್ಲಿ ಅದು ಸೀಬಾಸ್. ಬೆಳ್ಳಿಬಣ್ಣದ ಮೈ, ಗೂನಿದಂಥ ಬೆನ್ನು, ದೊಡ್ಡ ಬಾಯಿ. ಶೆಟ್ಲಿ, ಮರಿಮೀನು ಕಂಡರೆ ಬಿಡುವುದಿಲ್ಲ. ಮಳೆಗಾಲದ ಸುಮಾರಿಗೆ ಅಳಿವೆಯ ಬಾಯಿಯ ಉಪ್ಪುನೀರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಉಬ್ಬರದ ಜೊತೆ ಒಳಗೆ ಬಂದು ಕಾಂಡ್ಲ ಗಿಡಗಳ ಬೇರಿನ ನಡುವೆ, ಗದ್ದೆಗಳ ಹೊಂಡಗಳಲ್ಲಿ, ತೋಡುಗಳಲ್ಲಿ ಬೆಳೆಯುತ್ತವೆ. ಕೆಲವು ಹೊಳೆಯ ಸಿಹಿನೀರಿನವರೆಗೂ ಏರುತ್ತವೆ. ಮೂರು ನಾಲ್ಕು ವರ್ಷ ಗಂಡಾಗಿದ್ದ ಮೀನು ಮುಂದೆ ಹೆಣ್ಣಾಗುವುದು ಈ ಜಾತಿಯ ವಿಶೇಷ. ಅಂದರೆ ಅಳಿವೆಯಲ್ಲಿರುವ ದೊಡ್ಡ ಕುರುಡಿಗಳೆಲ್ಲ ಹೆಚ್ಚುಕಡಿಮೆ ಹೆಣ್ಣೇ. ದೊಡ್ಡ ಮೀನನ್ನೇ ಆರಿಸಿ ಆರಿಸಿ ಹಿಡಿದರೆ ಮುಂದಿನ ಪೀಳಿಗೆಯ ತಾಯಂದಿರನ್ನೇ ಹಿಡಿದಂತಾಯಿತು.

ಅಮೆರಿಕದಲ್ಲಿ ದೊಡ್ಡ ದೊಡ್ಡ ಜಲಾಶಯಗಳಲ್ಲಿ ಗಾಳ ಹಾಕಿ ಬಾಸ್ ಹಿಡಿಯುವುದು ಬಹಳ ಜನಪ್ರಿಯ ಆಟ. ರಜಾದಿನಗಳಲ್ಲಿ ದೋಣಿ ಇಳಿಸುವ ಜಾಗಕ್ಕೆ ಸಾಲು ನಿಲ್ಲಬೇಕು ಎನ್ನುತ್ತಾರೆ. ಆ ಬಾಸ್ ಬೇರೆ ಕುಟುಂಬದ ಸಿಹಿನೀರಿನ ಮೀನು. ನಮ್ಮ ಕುರುಡಿಗೆ ಹೆಸರಿನಲ್ಲಷ್ಟೇ ನೆಂಟ. ಆದರೆ ಆಸ್ಟ್ರೇಲಿಯದಲ್ಲಿ ಬ್ಯಾರಮಂಡಿ ಎನ್ನುವ ಮೀನು ನಮ್ಮ ಕುರುಡಿಯೇ. ಅಲ್ಲಿನ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ಅಣೆಕಟ್ಟುಗಳ ಹಿಂದಿನ ನೀರಿಗೆ ಮರಿ ಬಿಟ್ಟು ಬೆಳೆಸಿ ಗಾಳದವರನ್ನು ಕರೆಯುತ್ತಾರೆ. ಸಿಹಿನೀರಿನಲ್ಲಿ ಅದು ಬೆಳೆಯುತ್ತದೆಯೇ ಹೊರತು ಮರಿ ಮಾಡುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಮರಿ ತಂದು ಬಿಡಲೇಬೇಕು. ಉಪ್ಪು ಸಿಕ್ಕದೆ ಈ ಮೀನಿನ ಸಂಸಾರ ಮುಂದುವರಿಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ನಮ್ಮ ದೊಡ್ಡ ಜಲಾಶಯದ ಕಥೆಯೇನು? ಲಿಂಗನಮಕ್ಕಿಯಲ್ಲಿ ಕುರುಡಿ ಇಲ್ಲ, ಎಂದೂ ಇದ್ದಿರಲಾರದು. ಹೊಸಮಳೆಗೆ ತೋಡು ಗದ್ದೆಗಳನ್ನು ಏರುವ ಹತ್ತುಮೀನನ್ನು ನಮ್ಮ ಜನ ಬಲ್ಲರು. ಆದರೆ 830 ಅಡಿಯ ಜೋಗದ ಗೋಡೆಯನ್ನು ಹತ್ತುವ ಮೀನು ಇನ್ನೂ ಹುಟ್ಟಿಲ್ಲ. ಕುರುಡಿಗೆ ಸಲ್ಲುವ ಹೊಳೆ ಇದ್ದದ್ದು ಜೋಗದ ಕೆಳಗೆ. ಆದರೂ ಆ ಮೀನಿನ ಹಣೆಬರಹ ಬರೆದದ್ದು ಜೋಗದ ಮೇಲೆ.

1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ ಕೆಲಸ ಶುರುಮಾಡಿತು. ಮಹಾತ್ಮ ಗಾಂಧಿಯವರ ಹೆಸರು ಹೊತ್ತ ಅದಕ್ಕೆ ನೀರು ಕೊಡಲು ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ನಂತರ ಅದನ್ನೂ ಮುಳುಗಿಸುವಷ್ಟು ದೊಡ್ಡದಾದ ಲಿಂಗನಮಕ್ಕಿ 1964ರಲ್ಲಿ ಎದ್ದಿತು. ಬೇಸಗೆಯಲ್ಲಿ ನೀರು ತೀರಾ ಇಳಿದಾಗ ಹಳೆಯ ಕಟ್ಟೆ ತಲೆ ತೋರಿಸುವುದುಂಟು. ಹೊಸ ಅಣೆಕಟ್ಟಿನ ಉದ್ದ ಎರಡೂ ಮುಕ್ಕಾಲು ಕಿಲೋಮೀಟರಿನಷ್ಟು, ಪೂರ್ಣ ಮಟ್ಟ 1,819 ಅಡಿ, ಹಿಡಿಯುವ ನೀರು 151 ಟಿಎಂಸಿಗೂ ಹೆಚ್ಚು. ಅದರ ನೀರು ತಳಕಳಲೆಗೆ ಬಂದು, ಅಲ್ಲಿಂದ ಕೊಳವೆಗಳಲ್ಲಿ ಘಟ್ಟ ಇಳಿದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಇದಕ್ಕಾಗಿ ಸಾಗರ, ಹೊಸನಗರ ಸೀಮೆಯ ಹಳ್ಳಿಗಳು ಮುಳುಗಿದವು, ಜನ ಮನೆ ಬಿಟ್ಟು ಹೋದರು. ಆ ಕಥೆಯನ್ನು ಬೇರೆಯವರು ಬರೆದಿದ್ದಾರೆ, ಇನ್ನೂ ಬರೆಯಬೇಕಾದದ್ದಿದೆ. ಇಡೀ ರಾಜ್ಯದ ಮನೆ ಕಾರ್ಖಾನೆಗಳಿಗೆ ಬೆಳಕು ಕೊಟ್ಟ ಯೋಜನೆ ಇದು, ಅದನ್ನು ಹಗುರವಾಗಿ ನೋಡುವುದು ಸಲ್ಲ. ನಾನು ಹೇಳಹೊರಟಿರುವುದು ಮುಳುಗಡೆಯ ಪಟ್ಟಿಯಲ್ಲಿ ಎಂದೂ ಸೇರದೆ ಉಳಿದ ಕೆಳಗಿನ ಜನರ ಮಾತು. ಅವರ ಮನೆ ಮುಳುಗಲಿಲ್ಲ. ಅವರ ಋತು ಮುಳುಗಿತು.

ವಿದ್ಯುತ್ತು ವರ್ಷವಿಡೀ ಬೇಕು. ಆದ್ದರಿಂದ ಮಳೆಗಾಲದ ನೀರನ್ನು ಮೇಲೆ ಹಿಡಿದಿಟ್ಟು ವರ್ಷವಿಡೀ ಬಿಡುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ, ಬುಕಾನನ್ ಪೂರ್ತಿ ಉಪ್ಪು ಎಂದು ಬರೆದ ಕಾಲದಲ್ಲಿ, ಯಂತ್ರ ತಿರುಗಿಸಿ ಬಂದ ಸಿಹಿನೀರು ಅಳಿವೆಗೆ ಇಳಿಯುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟೂ 240 ಮೆಗಾವಾಟಿನ ವಿದ್ಯುದಾಗಾರವೂ ಬಂದವು. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಊರು ಅದು. ಸಮುದ್ರದ ಸರಕು ಹೊಳೆಯಲ್ಲಿ ಏರಿಬರುತ್ತಿದ್ದ ದಾರಿಗೆ ಅಲ್ಲಿ ಈಗ ಕಾಂಕ್ರೀಟಿನ ಬಾಗಿಲು.

ಇದರ ಫಲವನ್ನು ಅಳೆಯಲು ದೂರ ಹೋಗಬೇಕಾಗಿಲ್ಲ, ಪಕ್ಕದ ತಾಲ್ಲೂಕಿಗೆ ಹೋದರೆ ಸಾಕು. ಕುಮಟೆಯ ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ತದಡಿಯ ಬಳಿ ಕಡಲು ಸೇರುತ್ತದೆ. ಅದಕ್ಕೆ ಅಣೆಕಟ್ಟಿಲ್ಲ. ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರಿಗೆ ಶರಾವತಿಯಲ್ಲಿ ಸಿಕ್ಕ ಮೀನಿನ ಜಾತಿಗಳು ಅಘನಾಶಿನಿಯಲ್ಲಿ ಸಿಕ್ಕವುಗಳ ಹೆಚ್ಚುಕಡಿಮೆ ಅರ್ಧ. ಉಪ್ಪು ಬೇಡುವ ಬಳಚಿನ ಜಾತಿಗಳು ಶರಾವತಿಯಿಂದ ಬಹುಮಟ್ಟಿಗೆ ಹೋದವು, ಸಿಹಿನೀರನ್ನು ತಾಳಿಕೊಳ್ಳುವ ಕಪ್ಪು ಬಳಚು ಉಳಿದುಕೊಂಡಿತು. ಕುರುಡಿ ಗಟ್ಟಿ ಮೀನು, ಉಪ್ಪು ಸಿಹಿ ಎರಡನ್ನೂ ಸಹಿಸುತ್ತದೆ. ಆದರೆ ಅದು ತಿನ್ನುವ ಶೆಟ್ಲಿ, ಮರಿಮೀನು, ಅದರ ಮರಿ ಬೆಳೆಯುವ ತೊಟ್ಟಿಲು, ಇವುಗಳಿಗೆ ಆ ಸಹನೆ ಇಲ್ಲ.

ಇನ್ನು ಜನರ ಕಡೆಗೆ ಬರೋಣ. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಜನ. ಒಂದೇ ನೀರಿಗೆ ನೂರು ಮಂದಿ ಇಳಿದರೆ ಜಗಳವಾಗದಂತೆ ನೋಡಿಕೊಳ್ಳುವುದು ಹೇಗೆ? ಇದಕ್ಕೆ ನಮ್ಮ ಹಿರಿಯರು ಪುಸ್ತಕ ಬರೆದಿಡಲಿಲ್ಲ, ರೂಢಿಗಳನ್ನು ಇಟ್ಟುಹೋದರು. ಆ ರೂಢಿಗಳು ನೀರಿನ ಪಂಚಾಂಗಕ್ಕೆ ಅಂಟಿಕೊಂಡಿದ್ದವು ಎಂಬುದನ್ನು ಗಮನದಲ್ಲಿಟ್ಟು ಮುಂದೆ ಓದಿ.

ರಂಪಣಿಯನ್ನೇ ತೆಗೆದುಕೊಳ್ಳಿ. ಭಟ್ಕಳದಿಂದ ಕಾರವಾರದವರೆಗಿನ ಮರಳುದಂಡೆಗಳಲ್ಲಿ ಮಳೆಗಾಲ ಕಳೆದು ಬಂಗಡೆ, ತಾರ್ಲೆಯ ಹಿಂಡು ದಡಕ್ಕೆ ಬರುವುದನ್ನು ಕಾಯುತ್ತಿದ್ದರು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಹಿಂಡು ಬಂತೆಂದು ತಿಳಿದವರು ಕೂಗು ಹಾಕಿದರೆ ಊರೇ ದಂಡೆಗೆ ಇಳಿಯುತ್ತಿತ್ತು. ದೋಣಿ ಬಲೆ ಬಿಡುತ್ತಾ ಅರ್ಧಚಂದ್ರಾಕಾರದಲ್ಲಿ ಹಿಂಡನ್ನು ಸುತ್ತಿ ಬರುತ್ತದೆ, ಎರಡೂ ತುದಿಯ ಹಗ್ಗಗಳನ್ನು ದಂಡೆಯ ಮೇಲಿನವರು ಎಳೆಯುತ್ತಾರೆ. ಅರವತ್ತು, ಎಂಬತ್ತು, ನೂರು ಜನ ಬೇಕಾಗುತ್ತಿತ್ತು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಪಾಲು. ದಾರಿಯಲ್ಲಿ ಹೋಗುತ್ತಿದ್ದವನು ಹಗ್ಗಕ್ಕೆ ಕೈ ಹಚ್ಚಿದರೂ ಅವನ ಬುಟ್ಟಿಗೆ ನಾಲ್ಕು ಮೀನು. ಹಿಂಡು ತೀರಾ ದೊಡ್ಡದಾದರೆ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಮೀನನ್ನು ಜೀವಂತವಾಗಿ ಹಿಡಿದಿಟ್ಟು, ಪೇಟೆಗೆ ಬೇಕಾದಷ್ಟನ್ನು ಮಾತ್ರ ದಿನದಿನ ತೆಗೆಯುತ್ತಿದ್ದರು. ಶೀತಲಗೃಹವಿಲ್ಲದ ಕಾಲದ ಶೀತಲಗೃಹ! ಇಲ್ಲಿ ಜನಸಂದಣಿ ತೊಂದರೆಯಾಗಿರಲಿಲ್ಲ, ಅದೇ ಬಂಡವಾಳವಾಗಿತ್ತು. ಜನ ಕಡಿಮೆಯಾದರೆ ಬಲೆ ಮೇಲೆ ಬರುತ್ತಿರಲಿಲ್ಲ.

ಘಟ್ಟ ಹತ್ತಿದರೆ ಇನ್ನೊಂದು ಬಗೆ. ಸಿದ್ದಾಪುರ, ಸೊರಬ, ಸಾಗರದ ಹಳ್ಳಿಗಳ ಕೆರೆಬೇಟೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ಊರಿನವರು ದಿನ ಗೊತ್ತುಮಾಡಿ ಸಾರುತ್ತಾರೆ. ಬಿದಿರಿನ ಕೂಣಿ ಹೊತ್ತು ಸುತ್ತಲಿನ ಊರುಗಳಿಂದ ನೂರಾರು ಜನ ಬರುತ್ತಾರೆ, ಕೂಣಿಗೆ ಇಷ್ಟು ಹಣವೆಂದು ಕಟ್ಟುತ್ತಾರೆ, ಏರಿಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಸೂಚನೆ ಬರುವ ಮೊದಲು ಯಾರೂ ನೀರು ಮುಟ್ಟುವಂತಿಲ್ಲ. ಸೂಚನೆಯಾದ ಕೂಡಲೇ ಎಲ್ಲರೂ ಒಮ್ಮೆಗೇ ಇಳಿಯುತ್ತಾರೆ. ಸಿಕ್ಕವನಿಗೆ ಸಿಕ್ಕಿತು, ಇಲ್ಲದವನು ಕೆಸರು ತೊಳೆದುಕೊಂಡು ಮನೆಗೆ. ಹಣ ಊರಿನ ಕೆಲಸಕ್ಕೆ. ವರ್ಷವಿಡೀ ಕೆರೆಯನ್ನು ಮುಟ್ಟದೆ ಇದ್ದದ್ದಕ್ಕೆ ಆ ಒಂದು ದಿನದ ಗದ್ದಲವೇ ಬೆಲೆ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಗುತ್ತಿಗೆಯವರ ಅವಧಿ ಮುಗಿದ ಮೇಲೆ ಊರಿನ ಜನರೆಲ್ಲ ಇಳಿದು ಉಳಿದ ಮೀನು ಹಿಡಿಯುವ ರೂಢಿಯಿದೆ.

ಪೊಕ್ಕಾಳಿಯ ಒಡಹುಟ್ಟು ಕುಮಟೆಯ ಗಜನಿ. ಮಾಣಿಕಟ್ಟಾ, ಹೆಗಡೆ, ಮಿರ್ಜಾನ ಮೊದಲಾದ ಕಡೆ ಅಘನಾಶಿನಿಯ ದಡದಲ್ಲಿ ಉಬ್ಬರದ ನೀರು ತಡೆಯುವ ಕಟ್ಟೆ ಹಾಕಿ ಮಾಡಿದ ಗದ್ದೆಗಳಿವು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ ಅದು. ಗೊಬ್ಬರ ಔಷಧಿಯ ಖರ್ಚಿಲ್ಲ. ಕೊಯ್ಲು ಮುಗಿದ ಮೇಲೆ ತೂಬಿನ ಬಾಗಿಲು ತೆಗೆದರೆ ಉಬ್ಬರದ ಜೊತೆ ಶೆಟ್ಲಿ, ಕುರುಡಿ ಮರಿ, ಏಡಿ ಒಳಗೆ ಬರುತ್ತವೆ. ಗದ್ದೆಯಲ್ಲಿ ಕೊಳೆತ ಹುಲ್ಲು ಅವುಗಳ ಮೇವಿಗೆ ಆಧಾರ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಬೆಳೆ ತಾನೇ ಬಂದು ಬಲೆಗೆ ಬೀಳುತ್ತದೆ. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ ಬಂದ ಹಣದಲ್ಲಿ ಕಟ್ಟೆ ದುರಸ್ತಿ. ಒಂದೇ ನೆಲ ಆರು ತಿಂಗಳು ಒಕ್ಕಲಿಗನದು, ಆರು ತಿಂಗಳು ಮೀನಿನದು. ಬುಕಾನನ್ ಕಂಡ ಉಪ್ಪು ಸಿಹಿಯ ಲೆಕ್ಕ ಇಲ್ಲಿ ಊರಿನ ಲೆಕ್ಕಪುಸ್ತಕವೇ ಆಗಿತ್ತು.

ಈ ರೂಢಿಗಳು ನಿರ್ದೋಷವಾಗಿದ್ದವೆಂದು ನಾನು ಹೇಳುತ್ತಿಲ್ಲ. ರಂಪಣಿಯ ಪಾಲಿನಲ್ಲಿ ಬಲೆಯ ಒಡೆಯರ ಕೈ ಯಾವಾಗಲೂ ಮೇಲೆ. ಗಜನಿಯ ಹರಾಜಿನಲ್ಲಿ ಹಣವಿದ್ದವನಿಗೇ ಗೆಲುವು. ಗದ್ದೆಯಿಲ್ಲದವನು ಕಟ್ಟೆಯ ಹೊರಗೇ. ಆದರೂ ಯಾರು, ಎಂದು, ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿತ್ತು, ಮತ್ತು ಆ ಉತ್ತರ ಕೊಡುವವರು ನೀರಿನ ಬಳಿಯೇ ಇದ್ದರು.

1970ರ ದಶಕದ ನಡುವೆ ಪರ್ಸೀನ್ ಬಲೆ ಬಂತು. ಯಂತ್ರದ ದೋಣಿ ಆಳನೀರಿಗೇ ಹೋಗಿ, ಹಿಂಡು ದಂಡೆಗೆ ಬರುವ ಮುನ್ನವೇ ಸುತ್ತಿ ಎತ್ತಿತು. ದಂಡೆಯ ಮೇಲೆ ಕಾದ ನೂರು ಕೈಗಳಿಗೆ ಕೆಲಸವಿಲ್ಲದಾಯಿತು. ಆ ದಶಕದ ಕೊನೆಗೆ ರಂಪಣಿಯವರಿಗೂ ಪರ್ಸೀನಿನವರಿಗೂ ಘರ್ಷಣೆಗಳಾದವು. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ರಂಪಣಿ ನೆನಪಿನ ಪೆಟ್ಟಿಗೆ ಸೇರಿಯಾಗಿತ್ತು. 2015ರಿಂದ ಜೂನ್ ಜುಲೈ ಎರಡೂ ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ರಜೆ. ಮಳೆಗಾಲದಲ್ಲಿ ಕಡಲಿಗಿಳಿಯದೆ ದೋಣಿಯನ್ನು ದಂಡೆಗೆ ಎಳೆದಿಡುತ್ತಿದ್ದ ಹಳೆಯ ರೂಢಿಯೇ ಹೀಗೆ ಸರ್ಕಾರದ ಆಜ್ಞೆಯಾಗಿ ಮರಳಿತೆನ್ನಬಹುದು.

ಗಜನಿಗೂ ಅದರದೇ ಪರೀಕ್ಷೆ ಬಂತು. 1990ರ ದಶಕದ ಮೊದಲಲ್ಲಿ ಶೆಟ್ಲಿ ಸಾಕಣೆ ಚಿನ್ನದ ಬೆಳೆಯೆಂದು ಹಲವರು ಗದ್ದೆ ಬಿಟ್ಟು ಹೊಂಡ ತೋಡಿದರು. ದಶಕದ ನಡುವಿಗೆ ಬಿಳಿಚುಕ್ಕೆ ರೋಗ ದೇಶದ ಕರಾವಳಿಯನ್ನೆಲ್ಲ ಬಡಿಯಿತು. ಹೊಂಡಗಳು ಬರಿದಾದವು, ಒಡೆದ ಕಟ್ಟೆಯನ್ನು ಮತ್ತೆ ಒಗ್ಗಟ್ಟಾಗಿ ಕಟ್ಟುವುದು ಎಲ್ಲ ಕಡೆ ಸಾಧ್ಯವಾಗಲಿಲ್ಲ. ಕಗ್ಗ ಬೆಳೆಯುವ ಗಜನಿಗಳು ಈಗ ಕೆಲವೇ.

ಅಘನಾಶಿನಿಯಲ್ಲಿ ಈಗ ಜನ ಕೂಡುವುದು ಬಳಚಿಗೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿ, ಕಾಲಿನಿಂದ ತಡವಿ, ಕೈಯಿಂದ ತೆಗೆಯುತ್ತಾರೆ. ದೋಣಿಯವರು ಮುಳುಗಿ ತರುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ ಸುಮಾರು 2,300 ಮಂದಿ ಇದರಲ್ಲಿ ತೊಡಗಿದ್ದರು, ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು, ಕಲ್ವ ಮೊದಲಾದವು ಸಿಗುತ್ತಿದ್ದವು. ಬಂಡವಾಳವಿಲ್ಲದ, ಒಡೆಯನಿಲ್ಲದ ದುಡಿಮೆ ಅದು. ಒಂದು ಹೊಳೆಯಲ್ಲಿ ಬಳಚು ಹೋದರೆ ತಿನ್ನುವವರ ಆಸೆ ಹೋಗುವುದಿಲ್ಲ. ಭಾರವೆಲ್ಲ ಉಳಿದ ಹೊಳೆಯ ಮೇಲೆ ಬೀಳುತ್ತದೆ ಎಂಬುದು ನನ್ನ ಎಣಿಕೆ. ದೂರದ ಪೇಟೆಯಿಂದ ಲಾರಿ ಬಂದು ನಿಂತಾಗ ಮರಿ ಬಳಚನ್ನು ನೀರಿಗೆ ಬಿಡು ಎಂದು ಹೇಳುವವರು ಯಾರು? ಗಜನಿಗೆ ಹರಾಜಿತ್ತು, ಕೆರೆಗೆ ಗೊತ್ತಾದ ದಿನವಿತ್ತು, ರಂಪಣಿಗೆ ಪಾಲಿತ್ತು. ಬಳಚಿನ ದಿಬ್ಬಕ್ಕೆ ಅಂಥದೊಂದು ಗಟ್ಟಿ ಕಟ್ಟಳೆ ಬೆಳೆಯುವ ಮೊದಲೇ ಪೇಟೆ ಬೆಳೆದುಬಿಟ್ಟಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಸಂತೋಷವೇ. ಆದರೆ ಬುಟ್ಟಿ ಕಟ್ಟಿಕೊಂಡು ನೀರಿಗಿಳಿಯುವಾಕೆಯನ್ನು ಕೇಳದೆ ಮಾಡುವ ಕಟ್ಟಳೆ ಯಾವ ಪಟ್ಟಿಯಿಂದಲೂ ನಿಲ್ಲದು.

ಕುರುಡಿಗೂ ಹೊಸ ದಾರಿಗಳು ತೆರೆದಿವೆ. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ 1997ರಲ್ಲಿ ಅದರ ಮರಿಗಳನ್ನು ತೊಟ್ಟಿಯಲ್ಲೇ ಉತ್ಪಾದಿಸಿ ತೋರಿಸಿತು. ಆಮೇಲೆ ಕರಾವಳಿಯಲ್ಲಿ ಪಂಜರ ಕೃಷಿ ಬಂತು. ನೀವು ಹೋಟೆಲಿನಲ್ಲಿ ತಿನ್ನುವ ಸೀಬಾಸ್ ಪಂಜರದ್ದಾಗಿದ್ದರೆ ಆಶ್ಚರ್ಯವಿಲ್ಲ. ಸಾಕಿದ ಮೀನಿಗೆ ಒಡೆಯನಿದ್ದಾನೆ. ಅಲ್ಲಿ ಜನಸಂದಣಿಯ ಪ್ರಶ್ನೆ ಬರುವುದಿಲ್ಲ, ದಾರಿಹೋಕನ ಬುಟ್ಟಿಗೆ ನಾಲ್ಕು ಮೀನು ಬೀಳುವ ಮಾತೂ ಬರುವುದಿಲ್ಲ.

ಶರಾವತಿಯ ಮೇಲಿನ ಕಣ್ಣುಗಳು ಇನ್ನೂ ತಣಿದಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಮಲೆನಾಡು ಬೀದಿಗಿಳಿಯಿತು. ತಳಕಳಲೆ ಮತ್ತು ಗೇರುಸೊಪ್ಪೆಯ ನಡುವೆ ನೀರನ್ನು ಇಳಿಸಿ ಮತ್ತೆ ಮೇಲಕ್ಕೆತ್ತಿ 2,000 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆಯ ವಿಚಾರದಲ್ಲೂ ಪರವಿರೋಧ ಜೋರಾಗಿಯೇ ನಡೆದಿದೆ. ಈ ಚರ್ಚೆಗಳಲ್ಲಿ ಕಾಡಿನ ಮಾತು ಬರುತ್ತದೆ, ಬರಬೇಕು. ಆದರೆ ಹೊನ್ನಾವರದ ಅಳಿವೆಗೆ ಯಾವ ತಿಂಗಳು ಎಷ್ಟು ಸಿಹಿನೀರು ಇಳಿಯಬೇಕು, ಯಾವ ತಿಂಗಳು ಕಡಲಿಗೆ ಜಾಗ ಬಿಟ್ಟುಕೊಡಬೇಕು ಎಂಬ ಮಾತನ್ನು ನೀವು ಎಷ್ಟು ಬಾರಿ ಕೇಳಿದ್ದೀರಿ?

ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಜಲಾಶಯಗಳ ಮಟ್ಟದ ಪಟ್ಟಿ ಕಾಣುತ್ತದೆ. ಬೆಂಗಳೂರಿನವರು ಅದರಲ್ಲಿ ಕೆ.ಆರ್.ಎಸ್. ಹುಡುಕುತ್ತಾರೆ. ಶರಾವತಿಯ ಕುರ್ವೆಗಳಲ್ಲಿ ಮನೆಯಿರುವವರು ಹುಡುಕುವುದು ಲಿಂಗನಮಕ್ಕಿಯನ್ನು. ಮಟ್ಟ 1,819ರ ಹತ್ತಿರ ಬಂತೆಂದರೆ ಬಾಗಿಲು ತೆಗೆಯುವ ಎಚ್ಚರಿಕೆ ಬರಬಹುದು. ದೋಣಿಯನ್ನು ಮೇಲಕ್ಕೆ ಎಳೆದು ಕಟ್ಟಬೇಕು, ಅಂಗಳದ ಸಾಮಾನು ಎತ್ತಿಡಬೇಕು. ಹಿಂದೆ ಇದೇ ಮನೆಗಳಲ್ಲಿ ಬಲೆ ಹಾಕಲು ಪಂಚಾಂಗದಲ್ಲಿ ಅಮಾವಾಸ್ಯೆ ಹುಣ್ಣಿಮೆ ನೋಡುತ್ತಿದ್ದರು. ಈಗಲೂ ನೋಡುತ್ತಾರೆ, ಪತ್ರಿಕೆ ನೋಡಿದ ಮೇಲೆ.